ಮಾವನ ಫ್ರಿಜ್ಜೂ ಕಾರ್ನೋನ ಲೆಕ್ಕವೂ

ಕನ್ನಡ ಸಾಹಿತ್ಯ ಕೂಟದ ಪತ್ರಿಕೆ ಎಂದರೆ ಕಥೆ, ಕವನ, ಹರಟೆ ಇರಬೇಕು, ಇದರಲ್ಲಿ ಫಿಸಿಕ್ಸ್ ಪಾಠ ಯಾಕಪ್ಪಾ ಎಂದು ಕೇಳುವ ಮಿತ್ರರಿದ್ದಾರೆ. ಅವರಿಗೆ ನನ್ನ ಸಮಾಧಾನ ಇಷ್ಟೆ. ನಾನು ಏಳನೇ ಕ್ಲಾಸಿನವರೆಗೆ ಮುಂಬಯಿಯ ಕನ್ನಡ ಶಾಲೆಯಲ್ಲಿ ಓದಿದವನು. ಆಮೇಲೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಉರು ಹೊಡೆದೆ. ಉರು ಹೊಡೆದದ್ದು ಪರೀಕ್ಷೆಗೆ ಆಯಿತು, ಅರ್ಥವಾದದ್ದು ಮಾತ್ರ ಕನ್ನಡದಲ್ಲಿ, ಅದೂ ಮಾವನ ಹೋಟೆಲಿನ ಅಡಿಗೆಮನೆಯಲ್ಲಿ ನಿಂತಾಗ. ಹೇಗೆ ಅರ್ಥವಾಯಿತೋ ಹಾಗೆಯೇ ಇಲ್ಲಿ ಬರೆಯುತ್ತೇನೆ. ಗುಣಾಕಾರ, ಭಾಗಾಕಾರ ಬಂದರೆ ಸಾಕು, ಆರ್ಟ್ಸ್ ಓದುವವರೂ ಧೈರ್ಯವಾಗಿ ಓದಬಹುದು.

ಒಂದು ಸೊನ್ನೆಯ ಕಥೆ

ಕಳೆದ ವರ್ಷದ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. ಒಂದು ಆದರ್ಶ ಉಷ್ಣಯಂತ್ರ 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಾಖ ಪಡೆದು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಳಿದ ಶಾಖವನ್ನು ಹೊರಗೆ ಬಿಡುತ್ತದೆ, ಅದರ ದಕ್ಷತೆ ಎಷ್ಟು? ಸೂತ್ರ ನನಗೆ ಬಾಯಿಪಾಠ. 30ನ್ನು 300ರಿಂದ ಭಾಗಿಸಿದೆ, 0.1 ಬಂತು. 1ರಿಂದ ಕಳೆದೆ, 0.9 ಬಂತು. ನೂರಕ್ಕೆ ತೊಂಬತ್ತು! ಇಷ್ಟು ಚೆಂದದ ಉತ್ತರ ತಪ್ಪಿರಲಿಕ್ಕೆ ಸಾಧ್ಯವೇ ಇಲ್ಲ ಎಂದುಕೊಂಡು ಕೆಳಗೆ ಎರಡು ಗೆರೆ ಎಳೆದೆ. ಪ್ರೊಫೆಸರು ಸೊನ್ನೆ ಸುತ್ತಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, "ಈ ಎಂಜಿನ್ ಎಲ್ಲಿ ಸಿಗುತ್ತದೆ? ನನಗೂ ಒಂದು ಬೇಕಿತ್ತು" ಎಂದು ಬರೆದಿದ್ದರು. ಸೆಲ್ಸಿಯಸ್ ಬದಲು ಕೆಲ್ವಿನ್ ಹಾಕಬೇಕಿತ್ತು ಎಂದು ಗೆಳೆಯರು ಹೇಳಿದರು. ಯಾಕೆ ಹಾಕಬೇಕು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದಿನ ಪರೀಕ್ಷೆಗೆ ಅದನ್ನೂ ಬಾಯಿಪಾಠ ಮಾಡಿಕೊಂಡೆ.

ಹೀಗಿರುವಾಗ ಮೇ ತಿಂಗಳಲ್ಲಿ ಒಂದು ದಿನ ಸೋದರಮಾವ ಫೋನ್ ಮಾಡಿದರು. ಅವರದ್ದು ಇಡ್ಲಿ, ವಡೆ, ಚಹಾದ ಸಣ್ಣ ಹೋಟೆಲು.

"ಸಂಜೆ ಬಾ ಮಾರಾಯ, ಒಂದು ಲೆಕ್ಕ ನೋಡ್ಲಿಕ್ಕೆ ಉಂಟು" ಎಂದರು.

ಹೋದೆ. ಒಬ್ಬ ಮನುಷ್ಯ ಬಂದು ಹೊಸ ಯಂತ್ರವೊಂದರ ಚಿತ್ರ ತೋರಿಸಿ ಹೋಗಿದ್ದನಂತೆ. ಫ್ರಿಜ್ಜಿನ ಹಿಂದುಗಡೆ ಬಿಸಿಯಾಗಿ ಸುಮ್ಮನೆ ಹಾಳಾಗುವ ಶಾಖದಿಂದ ಒಂದು ಸಣ್ಣ ಎಂಜಿನ್ ಓಡಿಸುವುದು, ಎಂಜಿನ್‌ನಿಂದ ಕರೆಂಟು, ಆ ಕರೆಂಟಿನಿಂದ ಮತ್ತೆ ಅದೇ ಫ್ರಿಜ್ಜು. "ಶುರು ಮಾಡ್ಲಿಕ್ಕೆ ಮಾತ್ರ ಲೈನಿನ ಕರೆಂಟು, ಮತ್ತೆ ಬಿಲ್ಲೇ ಇಲ್ಲವಂತೆ. ಇಪ್ಪತ್ತೈದು ಸಾವಿರ ಅಡ್ವಾನ್ಸ್ ಕೇಳಿದ್ದಾನೆ. ನಾಳೆ ಬರ್ತಾನೆ. ಕೊಡುವುದಾ ಬೇಡ್ವಾ ನೀನೇ ಹೇಳು."

"ಅದು ಆಗುವುದಿಲ್ಲ ಮಾವ" ಎಂದೆ.

"ಯಾಕೆ ಆಗುದಿಲ್ಲ? ಬಿಸಿ ಉಂಟಲ್ಲ? ನೀನೇ ಕೈ ಇಟ್ಟು ನೋಡು."

ಕೈ ಇಟ್ಟೆ. ಬಿಸಿ ಇತ್ತು. ಆಗುವುದಿಲ್ಲ ಎಂದು ಪುಸ್ತಕದಲ್ಲಿದೆ ಎಂದು ಹೇಳಬಹುದಿತ್ತು, ಆದರೆ ಇಪ್ಪತ್ತೈದು ಸಾವಿರದ ಮಾತಿಗೆ ಅದು ಉತ್ತರವಲ್ಲ. "ನಾಳೆ ಬೆಳಿಗ್ಗೆ ಹೇಳ್ತೇನೆ" ಎಂದು ಹೇಳಿ ಲೋಕಲ್ ಹತ್ತಿದೆ. ಆ ರಾತ್ರಿ ಕೂತು ಮಾಡಿದ ಲೆಕ್ಕವೇ ಈ ಲೇಖನ.

ಶಾಖ ಬೇರೆ, ಉಷ್ಣತೆ ಬೇರೆ

ಮೊದಲು ಎರಡು ಮಾತುಗಳನ್ನು ಬೇರೆ ಬೇರೆ ಮಾಡಿಕೊಳ್ಳೋಣ. ಒಂದು ಲೋಟ ಕುದಿಯುವ ಚಹಾ, ಒಂದು ಹಂಡೆ ಉಗುರುಬೆಚ್ಚಗಿನ ನೀರು. ಇವುಗಳಲ್ಲಿ ಯಾವುದು ಹೆಚ್ಚು ಬಿಸಿ? ಚಹಾ. ಆರುವಾಗ ಹೆಚ್ಚು ಶಾಖ ಕೊಡುವುದು ಯಾವುದು? ಹಂಡೆಯ ನೀರು. ಎಷ್ಟು ಬಿಸಿ ಎಂಬುದು ಉಷ್ಣತೆ, ಅದನ್ನು ಡಿಗ್ರಿಯಲ್ಲಿ ಅಳೆಯುತ್ತೇವೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿದ ಶಕ್ತಿ ಎಷ್ಟು ಎಂಬುದು ಶಾಖ, ಅದನ್ನು ಜೂಲ್‌ಗಳಲ್ಲಿ ಅಳೆಯುತ್ತೇವೆ.

ಶಾಖ ತಾನಾಗಿ ಹರಿಯುವುದು ಬಿಸಿ ಕಡೆಯಿಂದ ತಂಪು ಕಡೆಗೆ ಮಾತ್ರ. ಲೋಟದ ಚಹಾ ಆರುತ್ತದೆ, ಆರಿದ ಚಹಾ ಕೋಣೆಯ ಗಾಳಿಯಿಂದ ಶಾಖ ಎಳೆದುಕೊಂಡು ತಾನಾಗಿ ಕುದಿಯುವುದನ್ನು ಯಾರೂ ಕಂಡವರಿಲ್ಲ. ಕುದಿಯುವುದರಿಂದ ಶಕ್ತಿಯ ಲೆಕ್ಕಕ್ಕೇನೂ ಧಕ್ಕೆಯಿಲ್ಲ. ಆದರೂ ನಡೆಯುವುದಿಲ್ಲ. ಉಷ್ಣಗತಿ ವಿಜ್ಞಾನದ ಎರಡನೆಯ ನಿಯಮದ ತಿರುಳು ಇದೇ.

ನಮ್ಮ ಕಣ್ಣೆದುರೇ ಅರಬ್ಬಿ ಸಮುದ್ರವಿದೆ. ಅದರ ನೀರು ಒಂದು ಡಿಗ್ರಿ ತಣ್ಣಗಾದರೂ ಸಾಕು, ಹೊರಬರುವ ಶಾಖಕ್ಕೆ ಅಳತೆಯೇ ಇಲ್ಲ. ಹಾಗಾದರೆ ಹಡಗುಗಳಿಗೆ ಎಣ್ಣೆ ಯಾಕೆ? ಸಮುದ್ರದ ಶಾಖದಿಂದಲೇ ಓಡಬಾರದೆ? ಬಾರದು. ಶಾಖ ಎಷ್ಟಿದ್ದರೇನು, ಅದು ಹರಿದುಹೋಗಲು ಅದಕ್ಕಿಂತ ತಂಪಾದ ಒಂದು ಜಾಗ ಬೇಕು. ಹರಿಯದ ಶಾಖದಿಂದ ಕೆಲಸ ಹುಟ್ಟುವುದಿಲ್ಲ. ಈ ಮಾತನ್ನು ಗಂಟು ಹಾಕಿಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಎಂಜಿನ್ ಎಂದರೇನು?

ಚಿತ್ರ ಹಾಕುವ ಅನುಕೂಲ ಈ ಪುಟಗಳಲ್ಲಿ ಇಲ್ಲ, ಓದುಗರೇ ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕು. ಮೇಲೆ ಒಂದು ಚೌಕ, ಅದು ಬಿಸಿ ಕಡೆ. ಕೆಳಗೆ ಒಂದು ಚೌಕ, ಅದು ತಂಪು ಕಡೆ. ನಡುವೆ ಒಂದು ವೃತ್ತ, ಅದು ಯಂತ್ರ. ಮೇಲಿನ ಚೌಕದಿಂದ ವೃತ್ತಕ್ಕೆ ಒಂದು ಬಾಣ, ವೃತ್ತದಿಂದ ಕೆಳಗಿನ ಚೌಕಕ್ಕೆ ಒಂದು ಬಾಣ. ಇವೆರಡೂ ಶಾಖ. ವೃತ್ತದಿಂದ ಪಕ್ಕಕ್ಕೆ ಮೂರನೆಯ ಬಾಣ, ಅದು ಕೆಲಸ.

ಬಿಸಿ ಕಡೆಯಿಂದ 100 ಜೂಲ್ ಬಂದು 60 ಜೂಲ್ ತಂಪು ಕಡೆಗೆ ಹೋದರೆ 40 ಜೂಲ್ ಕೆಲಸ ಆಯಿತು. ಬಂದದ್ದು, ಹೋದದ್ದು ಸರಿಯಾಗಬೇಕು, ಗಲ್ಲಾಪೆಟ್ಟಿಗೆಯ ಲೆಕ್ಕದ ಹಾಗೆ. ನೂರು ತೆಗೆದುಕೊಂಡು ನಲವತ್ತರ ಕೆಲಸ ಮಾಡಿತು ಎಂದರೆ ದಕ್ಷತೆ ನೂರಕ್ಕೆ 40.

ದಕ್ಷತೆ = ದೊರೆತ ಕೆಲಸ ÷ ಬಿಸಿ ಕಡೆಯಿಂದ ಪಡೆದ ಶಾಖ

ಈಗ ಪ್ರಶ್ನೆ: ಆ 60 ಜೂಲ್‌ಗಳನ್ನು ಯಾಕೆ ಬಿಡಬೇಕು? ಒಳ್ಳೆಯ ಎಂಜಿನಿಯರ್ ಅದನ್ನು 20ಕ್ಕೆ, 5ಕ್ಕೆ, ಕೊನೆಗೆ ಸೊನ್ನೆಗೆ ಇಳಿಸಲಾರನೆ?

ಕಾರ್ನೋ ಎಂಬ ತರುಣ

ಈ ಪ್ರಶ್ನೆಯನ್ನು ಸರಿಯಾಗಿ ಕೇಳಿದವನು ಫ್ರಾನ್ಸಿನ ಸಾದಿ ಕಾರ್ನೋ. ಹುಟ್ಟಿದ್ದು 1796ರಲ್ಲಿ. ಆಗ ಉಗಿಯಂತ್ರಗಳು ಇದ್ದವು. 1712ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ನ್ಯೂಕಾಮೆನ್ ಗಣಿಯ ನೀರೆತ್ತುವ ಯಂತ್ರ ಮಾಡಿದ್ದ. ಅದರ ದಕ್ಷತೆ ನೂರಕ್ಕೆ ಒಂದರ ಆಸುಪಾಸು. 1769ರಲ್ಲಿ ಜೇಮ್ಸ್ ವಾಟ್ ಬೇರೆ ಕಂಡೆನ್ಸರ್ ಇಟ್ಟು ಕಲ್ಲಿದ್ದಲಿನ ಖರ್ಚನ್ನು ಬಹಳ ಇಳಿಸಿದ. ಎಲ್ಲರೂ ಯಂತ್ರವನ್ನು ತಿದ್ದುತ್ತಿದ್ದರು, ತಿದ್ದುವುದಕ್ಕೆ ಕೊನೆ ಉಂಟೇ ಎಂದು ಕೇಳಿದವರು ಕಡಿಮೆ. 1824ರಲ್ಲಿ, ಇಪ್ಪತ್ತೆಂಟರ ವಯಸ್ಸಿನಲ್ಲಿ, ಕಾರ್ನೋ ಬೆಂಕಿಯ ಚಾಲಕ ಶಕ್ತಿಯ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದ. ಆಗ ಅದನ್ನು ಹೆಚ್ಚು ಜನ ಗಮನಿಸಲಿಲ್ಲ. 1832ರಲ್ಲಿ ಕಾಲರಾದಿಂದ ಸತ್ತಾಗ ಅವನಿಗೆ ಬರೀ 36. 1834ರಲ್ಲಿ ಕ್ಲಾಪೆರಾನ್ ಎಂಬವನು ಅವನ ವಿಚಾರವನ್ನು ಮತ್ತೆ ಎತ್ತಿ ಬರೆಯದಿದ್ದರೆ ಏನಾಗುತ್ತಿತ್ತೋ.

ಕಾರ್ನೋ ಶಾಖವನ್ನು ಜಲಪಾತಕ್ಕೆ ಹೋಲಿಸಿದ. ನಮ್ಮ ಜೋಗವನ್ನೇ ನೆನೆಯಿರಿ. ನೀರು ಎಷ್ಟು ಎಂಬುದರ ಜೊತೆಗೆ ಎಷ್ಟು ಎತ್ತರದಿಂದ ಬೀಳುತ್ತದೆ ಎಂಬುದರ ಮೇಲೂ ವಿದ್ಯುತ್ತು ನಿಂತಿದೆ. ಹಾಗೆಯೇ ಉಷ್ಣತೆಯ ಎತ್ತರದಿಂದ ಶಾಖ ಕೆಳಗೆ 'ಬೀಳುವಾಗ' ಕೆಲಸ ಹುಟ್ಟುತ್ತದೆ, ಯಂತ್ರದೊಳಗೆ ಉಗಿಯೇ ಇರಲಿ ಗಾಳಿಯೇ ಇರಲಿ ಮುಖ್ಯವಲ್ಲ ಎಂದ. ಹೋಲಿಕೆಯಲ್ಲಿ ಒಂದು ತಪ್ಪಿತ್ತು. ಮೇಲಿಂದ ಬಿದ್ದ ನೀರೆಲ್ಲ ಕೆಳಗೆ ಸಿಗುತ್ತದೆ, ಶಾಖ ಹಾಗಲ್ಲ, ಕೆಲಸವಾದಷ್ಟು ಶಾಖ ಕಡಿಮೆಯಾಗುತ್ತದೆ. ಮುಂದೆ 1850ರ ಸುಮಾರಿಗೆ ಕ್ಲಾಸಿಯಸ್ ಮತ್ತು ಕೆಲ್ವಿನ್ ಇದನ್ನು ತಿದ್ದಿದರು. ಆದರೆ ಕಾರ್ನೋನ ಮುಖ್ಯ ತೀರ್ಮಾನ ಉಳಿಯಿತು. ಆದರ್ಶ ಯಂತ್ರದ ದಕ್ಷತೆಯನ್ನು ನಿರ್ಧರಿಸುವುದು ಎರಡು ಕಡೆಯ ಉಷ್ಣತೆಗಳು ಮಾತ್ರ.

ಸೊನ್ನೆ ಎಲ್ಲಿಂದ?

ಈಗ ನನ್ನ ಸೊನ್ನೆಯ ಮಾತಿಗೆ ಬರೋಣ. ಚಾಳಿನ ಎರಡನೇ ಮಹಡಿಯ ಗ್ಯಾಲರಿಯಲ್ಲಿ ನಿಂತು ಎದುರಿನ ಎರಡು ಕಟ್ಟಡಗಳ ಎತ್ತರವನ್ನು ನಮ್ಮ ಗ್ಯಾಲರಿಯಿಂದ ಅಳೆದರೆ ಒಂದು 1 ಮಹಡಿ ಮೇಲೆ, ಇನ್ನೊಂದು 2 ಮಹಡಿ ಮೇಲೆ ಇದೆ. ವ್ಯತ್ಯಾಸ 1 ಮಹಡಿ, ಸರಿಯೇ. ಆದರೆ ಎರಡನೆಯದು ಮೊದಲನೆಯದರ ಎರಡು ಪಟ್ಟು ಎತ್ತರ ಎಂದರೆ ಜನ ನಗುತ್ತಾರೆ. ಪಟ್ಟು ಹೇಳಬೇಕಾದರೆ ನೆಲದಿಂದ ಅಳೆಯಬೇಕು. ಸೆಲ್ಸಿಯಸ್‌ನ ಸೊನ್ನೆ ಎಂದರೆ ನೀರು ಮಂಜುಗಡ್ಡೆಯಾಗುವ ಜಾಗ, ಅದು ನಮ್ಮ ಗ್ಯಾಲರಿ ಇದ್ದ ಹಾಗೆ. ಉಷ್ಣತೆಯ ನೆಲ ಇರುವುದು ಅದಕ್ಕಿಂತ 273 ಡಿಗ್ರಿ ಕೆಳಗೆ, ಇನ್ನೂ ನಿಖರವಾಗಿ 273.15. ಕಾರ್ನೋನ ವಿಚಾರವನ್ನೇ ಹಿಡಿದು 1848ರಲ್ಲಿ ಕೆಲ್ವಿನ್ ನಿರಪೇಕ್ಷ ಮಾಪಕವನ್ನು ಸೂಚಿಸಿದ. ಲೆಕ್ಕ ಸುಲಭ, ಸೆಲ್ಸಿಯಸ್ ಅಂಕಿಗೆ 273 ಕೂಡಿಸಿದರೆ ಕೆಲ್ವಿನ್.

ಆದರ್ಶ ಯಂತ್ರದ ನಿಯಮ ಇದು: ಬಿಸಿ ಕಡೆ ಶಾಖವನ್ನು ಅಲ್ಲಿನ ಕೆಲ್ವಿನ್ ಉಷ್ಣತೆಯಿಂದ ಭಾಗಿಸಿದರೆ ಬರುವ ಅಂಕಿಯೂ, ತಂಪು ಕಡೆ ಶಾಖವನ್ನು ಅಲ್ಲಿನ ಕೆಲ್ವಿನ್ ಉಷ್ಣತೆಯಿಂದ ಭಾಗಿಸಿದರೆ ಬರುವ ಅಂಕಿಯೂ ಸಮ. ಇದನ್ನು ನೆನಪಿಡಲು ನಾನು ಮಾಡಿಕೊಂಡ ಉಪಾಯ ಹೇಳುತ್ತೇನೆ. ಕೆಲ್ವಿನ್ ಎಷ್ಟೋ ಅಷ್ಟೇ ಜೂಲ್ ಎಂದು ಇಟ್ಟುಕೊಳ್ಳಿ. ಎರಡು ಕಡೆಯೂ ಭಾಗಲಬ್ಧ 1 ಆಗುತ್ತದೆ, ನಿಯಮ ತಾನಾಗಿ ಪಾಲನೆಯಾಗುತ್ತದೆ.

ಪರೀಕ್ಷೆಯ ಲೆಕ್ಕವನ್ನು ಹೀಗೆ ಮಾಡೋಣ. 300 ಡಿಗ್ರಿ ಎಂದರೆ 573 ಕೆಲ್ವಿನ್, 30 ಡಿಗ್ರಿ ಎಂದರೆ 303 ಕೆಲ್ವಿನ್. 573 ಜೂಲ್ ತೆಗೆದುಕೊಂಡರೆ 303 ಜೂಲ್ ಬಿಡಲೇಬೇಕು. ಉಳಿದದ್ದು 270. 270 ÷ 573 = 0.471. ನೂರಕ್ಕೆ 47. ತೊಂಬತ್ತೆಲ್ಲಿ, ನಲವತ್ತೇಳೆಲ್ಲಿ! ಸೂತ್ರವಾಗಿ ಬರೆದರೆ:

ದಕ್ಷತೆ = 1 − (ತಂಪು ಕಡೆಯ ಕೆಲ್ವಿನ್ ÷ ಬಿಸಿ ಕಡೆಯ ಕೆಲ್ವಿನ್)

ಇನ್ನೊಂದು ಉದಾಹರಣೆ. ಕಲ್ಲಿದ್ದಲಿನ ದೊಡ್ಡ ವಿದ್ಯುತ್ ಸ್ಥಾವರಗಳಲ್ಲಿ ಉಗಿ 540 ಡಿಗ್ರಿಯವರೆಗೆ ಕಾಯುತ್ತದೆ, ಕಂಡೆನ್ಸರಿನಲ್ಲಿ ಸುಮಾರು 40 ಡಿಗ್ರಿಗೆ ಇಳಿಯುತ್ತದೆ. 813 ಮತ್ತು 313 ಕೆಲ್ವಿನ್. 500 ÷ 813 = 0.615. ಆದರ್ಶವೇ ನೂರಕ್ಕೆ 61. ನಿಜವಾಗಿ ಸಿಗುವುದು ಸುಮಾರು 35ರಿಂದ 40. ಅಂಥ ಸ್ಥಾವರಗಳ ಪಕ್ಕದಲ್ಲಿ ಕಾಣುವ ದೊಡ್ಡ ಕೂಲಿಂಗ್ ಟವರ್ ಯಾರದ್ದೋ ಅಜಾಗರೂಕತೆಯ ಗುರುತಲ್ಲ. ತಂಪು ಕಡೆಗೆ ಸಲ್ಲಲೇಬೇಕಾದ ಶಾಖ ಹೋಗುವ ದಾರಿ ಅದು.

ಆದರ್ಶ ಎಂದರೆ ಏನು ಎಂದೂ ಹೇಳಬೇಕು. ಎಲ್ಲೂ ಘರ್ಷಣೆ ಇಲ್ಲ, ಶಾಖ ಹರಿಯುವಾಗ ಯಂತ್ರಕ್ಕೂ ಆ ಕಡೆಗೂ ಉಷ್ಣತೆಯ ಅಂತರ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಆದ್ದರಿಂದ ಬೇಕಾದಾಗ ಇಡೀ ಯಂತ್ರವನ್ನು ಹಿಂದುಮುಂದಾಗಿ ಓಡಿಸಬಹುದು. ಅಂತರವಿಲ್ಲದೆ ಶಾಖ ಹರಿಯಬೇಕಾದರೆ ಅಪಾರ ನಿಧಾನ ಬೇಕು. ಅಂದರೆ ಆದರ್ಶ ಯಂತ್ರ ಒಂದೇ ಒಂದು ತಪ್ಪು ಮಾಡದ, ಆದರೆ ಒಂದು ಫೈಲನ್ನೂ ಮುಗಿಸದ ಗುಮಾಸ್ತನ ಹಾಗೆ. ಅದನ್ನು ಯಾರೂ ಕಟ್ಟುವುದಿಲ್ಲ. ಕಟ್ಟಿದ ಯಂತ್ರಗಳನ್ನು ಅಳೆಯುವ ಕೋಲು ಮಾತ್ರ ಅದು.

ಬಾಣಗಳನ್ನು ತಿರುಗಿಸಿದರೆ ಫ್ರಿಜ್ಜು

ಹಾಳೆಯ ಮೇಲಿನ ಮೂರು ಬಾಣಗಳನ್ನೂ ತಿರುಗಿಸಿ. ಪಕ್ಕದಿಂದ ಕೆಲಸ ಒಳಗೆ ಬರುತ್ತದೆ, ತಂಪು ಕಡೆಯಿಂದ ಶಾಖ ಮೇಲೆದ್ದು ಬರುತ್ತದೆ, ಎರಡೂ ಸೇರಿ ಬಿಸಿ ಕಡೆಗೆ ಹೋಗುತ್ತವೆ. ಇದೇ ಫ್ರಿಜ್ಜು. ಕೆಲಸ ಕೊಡುವುದು ಕಂಪ್ರೆಸರ್. ಅದು ಗ್ಯಾಸನ್ನು ಒತ್ತಿ ಬಿಸಿ ಮಾಡುತ್ತದೆ. ಹೊರಗಿನ ಕಾಯಿಲಿನಲ್ಲಿ ಗ್ಯಾಸು ಶಾಖ ಬಿಟ್ಟು ದ್ರವವಾಗುತ್ತದೆ. ಒಂದು ಸಣ್ಣ ಕೊಳವೆಯ ಮೂಲಕ ನುಗ್ಗಿದಾಗ ಒತ್ತಡ ಇಳಿದು, ಒಳಗಿನ ಕಾಯಿಲಿನಲ್ಲಿ ಕುದಿಯುತ್ತದೆ. ಕುದಿಯಲು ಬೇಕಾದ ಶಾಖವನ್ನು ನಮ್ಮ ಹಾಲು, ಇಡ್ಲಿಹಿಟ್ಟುಗಳಿಂದ ಎಳೆದುಕೊಳ್ಳುತ್ತದೆ.

ಫ್ರಿಜ್ಜಿಗೆ ನಾವು ಕೇಳುವ ಪ್ರಶ್ನೆ ಬೇರೆ. ಒಂದು ಜೂಲ್ ಕೆಲಸ ಕೊಟ್ಟರೆ ಒಳಗಿನಿಂದ ಎಷ್ಟು ಜೂಲ್ ಶಾಖ ಎತ್ತುತ್ತೀ? ಇದನ್ನು ಕನ್ನಡದಲ್ಲಿ ಕಾರ್ಯ ಗುಣಾಂಕ ಎನ್ನಬಹುದು, ಕ್ಲಾಸಿನಲ್ಲಿ ಎಲ್ಲರೂ ಸಿ.ಓ.ಪಿ. ಅಂತಾರೆ.

ಕಾರ್ಯ ಗುಣಾಂಕ = ಒಳಗಿನಿಂದ ಎತ್ತಿದ ಶಾಖ ÷ ಕೊಟ್ಟ ಕೆಲಸ

ಮಾವನ ಫ್ರಿಜ್ಜನ್ನೇ ಆದರ್ಶ ಎಂದು ಇಟ್ಟುಕೊಳ್ಳೋಣ. ಒಳಗೆ 5 ಡಿಗ್ರಿ, 278 ಕೆಲ್ವಿನ್. ಹಿಂದಿನ ಕಾಯಿಲು 45 ಡಿಗ್ರಿ, 318 ಕೆಲ್ವಿನ್. ಅದೇ ಉಪಾಯ: ಒಳಗಿನಿಂದ 278 ಜೂಲ್ ಎತ್ತಿದರೆ ಹೊರಗೆ 318 ಜೂಲ್ ಬಿಡಬೇಕು, ಕೊಡಬೇಕಾದ ಕೆಲಸ 40 ಜೂಲ್. 278 ÷ 40 = 6.95. ಸೂತ್ರ:

ಕಾರ್ಯ ಗುಣಾಂಕ = ತಂಪು ಕಡೆಯ ಕೆಲ್ವಿನ್ ÷ ಎರಡು ಕಡೆಯ ವ್ಯತ್ಯಾಸ

ಒಂದಕ್ಕೆ ಏಳು! ಇಲ್ಲೇ ಹಲವರು ಎಡವುತ್ತಾರೆ. ದಕ್ಷತೆ ನೂರಕ್ಕೆ ನೂರು ಮೀರಬಾರದು ಎಂದು ಕಲಿತವರಿಗೆ ಇದು ಮೋಸದ ಹಾಗೆ ಕಾಣುತ್ತದೆ. ಮೋಸವಿಲ್ಲ. ಹಮಾಲ ಹೊತ್ತು ತಂದ ಅಕ್ಕಿಯ ಬೆಲೆ ಅವನ ಕೂಲಿಗಿಂತ ಹೆಚ್ಚಿರುತ್ತದೆ. ಅಕ್ಕಿಯನ್ನು ಅವನು ಹುಟ್ಟಿಸಲಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದ. ಫ್ರಿಜ್ಜೂ ಶಾಖದ ಹಮಾಲ. ಅದಕ್ಕೇ ಕಾರ್ಯ ಗುಣಾಂಕವನ್ನು ದಕ್ಷತೆ ಎಂದು ಕರೆಯುವುದಿಲ್ಲ. ಸೆಕೆ ತಡೆಯಲಾರದೆ ಫ್ರಿಜ್ಜಿನ ಬಾಗಿಲು ತೆರೆದಿಟ್ಟು ಕೂತರೆ ಕೋಣೆ ತಂಪಾಗದೆ ಇನ್ನಷ್ಟು ಬಿಸಿಯಾಗುವುದೂ ಇದಕ್ಕೇ. ಎತ್ತಿದ 278 ಮತ್ತೆ ಅದೇ ಕೋಣೆಗೆ ಬಿದ್ದು, ಕೂಲಿಯ 40 ಮೇಲಿಂದ ಸೇರುತ್ತದೆ.

ಮಾವನ ಇಪ್ಪತ್ತೈದು ಸಾವಿರ

ಈಗ ಆ ಮನುಷ್ಯ ಹೇಳಿದ ಯಂತ್ರವನ್ನು ಲೆಕ್ಕಕ್ಕೆ ಕೂರಿಸೋಣ. ಅವನಿಗೆ ಅನ್ಯಾಯವಾಗದಂತೆ ಎಂಜಿನ್ನೂ ಆದರ್ಶ, ಫ್ರಿಜ್ಜೂ ಆದರ್ಶ ಎಂದೇ ಹಿಡಿಯೋಣ. ಕಾಯಿಲಿನಲ್ಲಿ 318 ಜೂಲ್ ಶಾಖ 318 ಕೆಲ್ವಿನ್‌ನಲ್ಲಿ ಸಿಗುತ್ತದೆ. ಎಂಜಿನ್‌ಗೆ ಒಂದು ತಂಪು ಕಡೆ ಬೇಕು. ಎಲ್ಲಿದೆ? ಹೋಟೆಲಿನಲ್ಲಿ ಎರಡೇ ಜಾಗ: ಫ್ರಿಜ್ಜಿನ ಒಳಗೆ, ಇಲ್ಲವೇ ಕೋಣೆಯ ಗಾಳಿ.

ಮೊದಲು ಫ್ರಿಜ್ಜಿನ ಒಳಗನ್ನೇ ತಂಪು ಕಡೆ ಮಾಡಿದರೆ? ಎಂಜಿನ್ 318 ತೆಗೆದುಕೊಂಡು 278ನ್ನು ಒಳಗೆ ಬಿಡುತ್ತದೆ, 40 ಕೆಲಸ ಕೊಡುತ್ತದೆ. ಫ್ರಿಜ್ಜಿಗೆ ಬೇಕಾದದ್ದೂ 40. ಅಹಾ, ಕರೆಂಟಿನ ಬಿಲ್ಲು ಸೊನ್ನೆ! ಆದರೆ ಫ್ರಿಜ್ಜು ಹೊರಗೆ ಹಾಕಿದ 278 ಜೂಲ್‌ಗಳನ್ನು ಎಂಜಿನ್ ಪೂರ್ತಿ ಒಳಗೆ ತಂದು ಸುರಿಯಿತು. ಬಿಲ್ಲೂ ಇಲ್ಲ, ತಂಪೂ ಇಲ್ಲ. ಇಡ್ಲಿಹಿಟ್ಟು ಸಂಜೆಗೇ ಹುಳಿ. ಇದು ನಿಜವಾಗಿ ಕಾರ್ನೋನ ವಾದವೇ. ಆದರ್ಶ ಯಂತ್ರಕ್ಕಿಂತ ಒಂದು ಜೂಲ್ ಹೆಚ್ಚು ಕೊಡುವ ಎಂಜಿನ್ ಇದ್ದಿದ್ದರೆ, ಇಂಥ ಜೋಡಣೆಯಲ್ಲಿ ಕೆಲಸ ಬಿಟ್ಟಿಯಾಗಿ ಸಿಗುತ್ತಿತ್ತು. ಹಾಗೆ ಸಿಗುವುದಿಲ್ಲವಾದ್ದರಿಂದ ಅಂಥ ಎಂಜಿನ್ ಇಲ್ಲ.

ಇನ್ನು ಎರಡನೆಯ ದಾರಿ. ಕೋಣೆಯ ಗಾಳಿಯೇ ತಂಪು ಕಡೆ, 30 ಡಿಗ್ರಿ, 303 ಕೆಲ್ವಿನ್. ಎಂಜಿನ್ 318 ತೆಗೆದುಕೊಂಡು 303ನ್ನು ಗಾಳಿಗೆ ಬಿಡುತ್ತದೆ, 15 ಕೆಲಸ ಕೊಡುತ್ತದೆ. ಫ್ರಿಜ್ಜು ತಂಪಾಗಿಯೇ ಇದೆ, ನಲವತ್ತರಲ್ಲಿ ಹದಿನೈದು ಹಿಂದೆ ಬಂತು! ರಾತ್ರಿ ಹನ್ನೊಂದಕ್ಕೆ ಇಲ್ಲಿಗೆ ಬಂದು ನಾನು ನಿಂತೆ. ಬಿಲ್ಲು ಸೊನ್ನೆಯಾಗದಿದ್ದರೂ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಉಳಿಯಿತಲ್ಲ. ಮಾವನಿಗೆ ಬೇಡ ಎಂದು ಹೇಗೆ ಹೇಳುವುದು?

ಆಮೇಲೆ ಹೊಳೆಯಿತು. ಕೋಣೆ 30 ಡಿಗ್ರಿ ಇರುವಾಗ ಕಾಯಿಲು ಯಾಕೆ 45 ಆಗಬೇಕು? ಕಾಯಿಲು ದೊಡ್ಡದಾಗಿ, ಸ್ವಚ್ಛವಾಗಿ, ಗಾಳಿ ಚೆನ್ನಾಗಿ ಆಡುವಂತಿದ್ದು 30 ಡಿಗ್ರಿಯಲ್ಲೇ ಶಾಖ ಬಿಡುವಂತಾದರೆ ಫ್ರಿಜ್ಜಿಗೆ ಬೇಕಾದ ಕೆಲಸ 303 − 278 = 25 ಮಾತ್ರ. ನಲವತ್ತರಲ್ಲಿ ಹದಿನೈದು ಕಳೆದರೆ ಬರುವುದೂ ಅದೇ 25! ಹಿಂದೆ ಬಂದ ಹದಿನೈದು ಲಾಭವಲ್ಲ, ನಾವು ಹೆಚ್ಚಿಗೆ ಸುರಿದ ಹಣದ ವಾಪಸಾತಿ. ಅದೂ ಆದರ್ಶ ಎಂಜಿನ್ ಇದ್ದರೆ. ಈ ಎಂಜಿನ್‌ನ ದಕ್ಷತೆ 15 ÷ 318, ನೂರಕ್ಕೆ 5 ಕೂಡ ಇಲ್ಲ. ಕಟ್ಟಿದ ಯಂತ್ರದಲ್ಲಿ ಅದರ ಒಂದು ಚೂರು ಸಿಕ್ಕರೆ ಪುಣ್ಯ. ಅದೇ ಹದಿನೈದರಲ್ಲಿ ಒಂದು ಪಾಲನ್ನು ಪೊರಕೆಯಿಂದ, ಬಿಟ್ಟಿಯಾಗಿ ಪಡೆಯಬಹುದು.

ಪೊರಕೆ ಯಾಕೆಂದರೆ, ಫ್ರಿಜ್ಜಿನ ಕೆಲಸ ಎರಡು ಉಷ್ಣತೆಗಳ ವ್ಯತ್ಯಾಸಕ್ಕೆ ತಕ್ಕಂತೆ ಏರಿಳಿಯುತ್ತದೆ. ಮಾವನ ಫ್ರಿಜ್ಜು ಗೋಡೆಗೆ ಅಂಟಿಕೊಂಡು, ದೋಸೆಯ ಒಲೆಯ ಪಕ್ಕದಲ್ಲಿ, ಹಿಂದೆ ಎಣ್ಣೆಧೂಳು ಮೆತ್ತಿಕೊಂಡು ನಿಂತಿತ್ತು. ಕಾಯಿಲು 60 ಡಿಗ್ರಿಗೆ ಏರಿದರೆ ವ್ಯತ್ಯಾಸ 333 − 278 = 55. ನಲವತ್ತರ ಜಾಗದಲ್ಲಿ ಐವತ್ತೈದು, ಅಂದರೆ ನೂರಕ್ಕೆ ಮೂವತ್ತೇಳೂವರೆ ಹೆಚ್ಚು. ನಿಜವಾದ ಫ್ರಿಜ್ಜು ಆದರ್ಶಕ್ಕಿಂತ ಎಷ್ಟೋ ಹೆಚ್ಚು ಕರೆಂಟು ತಿನ್ನುತ್ತದೆ, ಆದರೂ ಏರಿಳಿತದ ದಿಕ್ಕು ಇದೇ.

ಮರುದಿನ ಬೆಳಿಗ್ಗೆ ಬಿಲ್ಲಿನ ಪುಸ್ತಕದ ಹಿಂಬದಿಯಲ್ಲಿ 278, 303, 318 ಎಂದು ಬರೆದು ಮಾವನಿಗೆ ತೋರಿಸಿದೆ. ಅವರು ಮೆಟ್ರಿಕ್‌ವರೆಗೆ ಓದಿದವರು, ಗಲ್ಲಾದ ಮೇಲೆ ಮೂವತ್ತು ವರ್ಷ ಕೂತವರು. ಎರಡು ಸಲ ಕೂಡಿಸಿ ಕಳೆದು ನೋಡಿ, "ಅಂದ್ರೆ ನನ್ನ ದುಡ್ಡು ನನಗೇ ಕೊಟ್ಟು ಕಮಿಷನ್ ಹಿಡಿದ ಹಾಗೆ" ಎಂದರು. ನನ್ನ ಇಡೀ ರಾತ್ರಿಯ ಲೆಕ್ಕವನ್ನು ಅವರು ಒಂದೇ ವಾಕ್ಯದಲ್ಲಿ ಹೇಳಿಬಿಟ್ಟರು.

ಆ ಮನುಷ್ಯ ಹನ್ನೊಂದು ಗಂಟೆಗೆ ಬಂದ. ನಾನು ಅವನಿಗೆ ಒಂದೇ ಪ್ರಶ್ನೆ ಕೇಳಿದೆ: "ನಿಮ್ಮ ಎಂಜಿನ್‌ನ ತಂಪು ಕಡೆ ಯಾವುದು?" ಅವನು, "ಬಿಸಿ ಇರುವಾಗ ತಂಪು ಯಾಕೆ ಬೇಕು?" ಎಂದ. ಮಾವ ಅವನಿಗೆ ಚಹಾ ಕೊಡಿಸಿ ಕಳಿಸಿದರು. ಮಧ್ಯಾಹ್ನ ಹುಡುಗರು ಸೇರಿ ಫ್ರಿಜ್ಜನ್ನು ಒಲೆಯಿಂದ ದೂರ, ಗೋಡೆಯಿಂದ ಅರ್ಧ ಅಡಿ ಮುಂದೆ ಸರಿಸಿ, ಕಾಯಿಲಿನ ಧೂಳು ತೆಗೆದರು. ಮುಂದಿನ ತಿಂಗಳ ಬಿಲ್ಲು ಸ್ವಲ್ಪ ಇಳಿಯಿತು. ಅಷ್ಟರಲ್ಲಿ ಮಳೆಗಾಲವೂ ಶುರುವಾಗಿತ್ತು, ಆದ್ದರಿಂದ ಪೂರ್ತಿ ಕೀರ್ತಿ ನನಗೆ ಬೇಡ.

ಬಿಟ್ಟಿ ಶಕ್ತಿಯ ಯಂತ್ರ ಮಾರುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಅವರ ಚಕ್ರ, ಮ್ಯಾಗ್ನೆಟ್ಟು, ಕೊಳವೆಗಳಲ್ಲಿ ತಪ್ಪು ಹುಡುಕುತ್ತಾ ಕೂರಬೇಕಾಗಿಲ್ಲ. ಶಾಖದ ಮಾತು ಬಂದರೆ ತಂಪು ಕಡೆ ಎಲ್ಲಿದೆ ಎಂದು ಕೇಳಿ, ಎರಡು ಕಡೆಯ ಸೆಲ್ಸಿಯಸ್‌ಗೆ 273 ಕೂಡಿಸಿ. ಮೇಲಿನ ಮಿತಿ ಎಷ್ಟು ಎಂಬುದು ಎರಡೇ ಅಂಕಿಗಳಲ್ಲಿ ಗೊತ್ತಾಗುತ್ತದೆ. ಆ ಸೊನ್ನೆ ಸುತ್ತಿದ ಉತ್ತರ ಪತ್ರಿಕೆಯನ್ನು ನಾನು ಎಸೆದಿಲ್ಲ. ಪ್ರೊಫೆಸರರ ಕೆಂಪು ಶಾಯಿಯ ಪ್ರಶ್ನೆಯೂ, ಮಾವನ ಹೋಟೆಲಿನಲ್ಲಿ ನಾನು ಕೇಳಿದ ಪ್ರಶ್ನೆಯೂ ಒಂದೇ ಎಂದು ಈಗ ಅನಿಸುತ್ತದೆ.

ಅಭ್ಯಾಸಕ್ಕೆ ನಾಲ್ಕು ಲೆಕ್ಕ

1. ಸಮುದ್ರದ ಮೇಲಿನ ನೀರು 28 ಡಿಗ್ರಿ, ಬಹಳ ಆಳದ ನೀರು 5 ಡಿಗ್ರಿ. ಇವುಗಳ ನಡುವೆ ಓಡುವ ಆದರ್ಶ ಎಂಜಿನ್‌ನ ದಕ್ಷತೆ ಎಷ್ಟು?

2. ಹೊರಗೆ 40 ಡಿಗ್ರಿ ಬಿಸಿಲು. ಕೋಣೆಯನ್ನು 24 ಡಿಗ್ರಿಯಲ್ಲಿ ಇಡುವ ಆದರ್ಶ ಏ.ಸಿ.ಯ ಕಾರ್ಯ ಗುಣಾಂಕ ಎಷ್ಟು? 18 ಡಿಗ್ರಿಯಲ್ಲಿ ಇಟ್ಟರೆ ಎಷ್ಟು?

3. ಚಳಿ ದೇಶದಲ್ಲಿ ಹೊರಗಿನ 0 ಡಿಗ್ರಿ ಗಾಳಿಯಿಂದ ಶಾಖ ಎತ್ತಿ 20 ಡಿಗ್ರಿಯ ಮನೆಗೆ ಹಾಕುವ ಆದರ್ಶ ಯಂತ್ರಕ್ಕೆ 1 ಜೂಲ್ ಕೆಲಸ ಕೊಟ್ಟರೆ ಮನೆಗೆ ಎಷ್ಟು ಶಾಖ ಬರುತ್ತದೆ?

4. ಒಂದು ಎಂಜಿನ್ 600 ಮತ್ತು 300 ಕೆಲ್ವಿನ್‌ಗಳ ನಡುವೆ ಓಡುತ್ತಿದೆ. ಬಿಸಿ ಕಡೆಯನ್ನು 50 ಏರಿಸುವುದು ಒಳ್ಳೆಯದೋ, ತಂಪು ಕಡೆಯನ್ನು 50 ಇಳಿಸುವುದು ಒಳ್ಳೆಯದೋ?

ಉತ್ತರಗಳು

1. 23 ÷ 301, ನೂರಕ್ಕೆ ಸುಮಾರು 7.6. ತಂಪು ಕಡೆ ಸಿಕ್ಕಿತು, ಆದರೆ ಬಹಳ ಹತ್ತಿರದ್ದು.

2. 297 ÷ 16 = 18.6, ಮತ್ತು 291 ÷ 22 = 13.2. ಅಂಗಡಿಯಲ್ಲಿ ಸಿಗುವ ಏ.ಸಿ.ಗಳದ್ದು ಇದಕ್ಕಿಂತ ಎಷ್ಟೋ ಕಡಿಮೆ. ಆದರೆ 18ಕ್ಕೆ ಇಳಿಸಿದಷ್ಟೂ ಬಿಲ್ಲು ಏರುವುದು ಇದೇ ಕಾರಣಕ್ಕೆ.

3. 293 ÷ 20 = 14.65 ಜೂಲ್. ಇಲ್ಲಿ ನಮಗೆ ಬೇಕಾದದ್ದು ಬಿಸಿ ಕಡೆಯ ಶಾಖ, ಆದ್ದರಿಂದ ಮೇಲಿನ ಅಂಕಿ ಬಿಸಿ ಕಡೆಯ ಕೆಲ್ವಿನ್. ಅದೇ ಯಂತ್ರವನ್ನು ಫ್ರಿಜ್ಜು ಎಂದು ನೋಡಿದರೆ 13.65, ಯಾವಾಗಲೂ ಸರಿಯಾಗಿ ಒಂದು ಕಡಿಮೆ.

4. ಮೊದಲು ನೂರಕ್ಕೆ 50. ಬಿಸಿ ಕಡೆ 650 ಆದರೆ 53.8, ತಂಪು ಕಡೆ 250 ಆದರೆ 58.3. ಇಳಿಸುವುದೇ ಲೇಸು. ಆದರೆ 250 ಕೆಲ್ವಿನ್ ಎಂದರೆ ಸೊನ್ನೆಗಿಂತ 23 ಡಿಗ್ರಿ ಕೆಳಗೆ. ಅದನ್ನು ನಮ್ಮ ಊರಿನಲ್ಲಿ ಎಲ್ಲಿಂದ ತರುತ್ತೀರಿ? ಫ್ರಿಜ್ಜಿನಿಂದ ಎನ್ನುವವರು ಮಾವನ ಲೆಕ್ಕವನ್ನು ಇನ್ನೊಮ್ಮೆ ಓದಬೇಕು.